ಸಂಸ್ಕಾರವೂ ತಿರಸ್ಕಾರವೂ: ಸಮಲಿಂಗಾಕರ್ಷಣೆಯ ಕುರಿತು ಮಕ್ಕಳು ಮನೆಯಲ್ಲಿ ಕಲಿಯುವುದೇನು?



2018ರ ಸೆಪ್ಟೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು, ಪರಸ್ಪರ ಸಮ್ಮತಿಯಿರುವ ವಯಸ್ಕರ ನಡುವಿನ ಸಲಿಂಗ ಸಂಬಂಧವು ಅಪರಾಧವಲ್ಲವೆಂದು ತೀರ್ಪಿತ್ತಿತು. ಅಲ್ಲಿಯವರೆಗೆ ನಮ್ಮ ಮನೆಗಳಲ್ಲಿ ಪಿಸುಮಾತಿನಲ್ಲಿಯೂ ಬಾರದಿದ್ದ ವಿಷಯವೊಂದು ಪತ್ರಿಕೆಗಳ ಮುಖಪುಟಕ್ಕೆ ಬಂತು. ದೂರದರ್ಶನದ ಚರ್ಚೆಗೆ ಬಂತು. ಈಗ ಮಕ್ಕಳ ಕೈಯೊಳಗಿನ ಮೊಬೈಲಿಗೂ ಬಂದಿದೆ. ರಾತ್ರಿ ಊಟಕ್ಕೆ ಕುಳಿತ ಹತ್ತು ವರ್ಷದ ಮಗು "ಅಪ್ಪಾ, ಹಂಗಂದ್ರೇನು?" ಎಂದು ಕೇಳುತ್ತದೆ. ಅಪ್ಪ ಚಾನೆಲ್ ಬದಲಿಸುತ್ತಾನೆ. ಅವ್ವ "ಸುಮ್ನ ಉಣ್ಣು" ಎನ್ನುತ್ತಾಳೆ. ಉತ್ತರ ಕೊಡಲಿಲ್ಲವೆಂದು ತಂದೆತಾಯಿಗಳು ಭಾವಿಸಿದರೂ ಮಗುವಿಗೆ ಉತ್ತರ ಸಿಕ್ಕಿಬಿಟ್ಟಿರುತ್ತದೆ: ಇದು ನಾಚಿಕೆಗೇಡಿನ ಸಂಗತಿ, ನಮ್ಮಂಥವರು ಬಾಯಲ್ಲಿ ಆಡಬಾರದ್ದು.

ಆ ಉತ್ತರ ಮಗುವಿನ ಮನಸ್ಸಿನಲ್ಲಿ ಹೇಗೆ ಬೇರೂರುತ್ತದೆ, ಮುಂದೆ ಏನಾಗಿ ಬೆಳೆಯುತ್ತದೆ ಎಂಬುದನ್ನು ವಿವರಿಸುವುದಷ್ಟೇ ಈ ಬರಹದ ಉದ್ದೇಶ. ವಿಷಯವನ್ನು ಮಠದ ಜಾಲತಾಣದಲ್ಲಿ ಎತ್ತಿಕೊಂಡಿರುವುದಕ್ಕೆ ಕೆಲವರಿಗೆ ಮುಜುಗರವಾಗಬಹುದು. ಆದರೆ ಶಿವಾನುಭವ ಗೋಷ್ಠಿ ಮುಗಿದು ಎಲ್ಲರೂ ಪ್ರಸಾದಕ್ಕೆ ಹೊರಟ ಮೇಲೆ, ಕಾರ್ಯಾಲಯದ ಬಾಗಿಲಲ್ಲಿ ನಿಂತು ದನಿ ತಗ್ಗಿಸಿ ಇದೇ ಪ್ರಶ್ನೆಯನ್ನು ಕೇಳುವ ತಂದೆತಾಯಿಗಳು ಇತ್ತೀಚೆಗೆ ಹೆಚ್ಚಾಗಿದ್ದಾರೆ. ದನಿ ತಗ್ಗಿಸಿ ಕೇಳಬೇಕಾದ ಪ್ರಶ್ನೆಗೆ ಒಮ್ಮೆ ಸಹಜ ದನಿಯಲ್ಲಿ ಉತ್ತರಿಸುವುದು ಒಳ್ಳೆಯದು.

ಅವರು ಕೇಳುವ ಮಾತು ಹೆಚ್ಚುಕಡಿಮೆ ಒಂದೇ: "ಇಂಥದ್ದನ್ನೆಲ್ಲ ನೋಡಿ, ಕೇಳಿ ನಮ್ಮ ಮಕ್ಕಳೂ ಹಾಗಾಗಿಬಿಡುವುದಿಲ್ಲವೇ?"

ಎರಡು ಬೇರೆ ಪ್ರಶ್ನೆಗಳು

ಈ ಮಾತಿನಲ್ಲಿ ಎರಡು ಬೇರೆಬೇರೆ ಪ್ರಶ್ನೆಗಳು ಹೆಣೆದುಕೊಂಡಿವೆ. ಒಬ್ಬ ವ್ಯಕ್ತಿಗೆ ತನ್ನದೇ ಲಿಂಗದವರ ಕಡೆಗೆ ಆಕರ್ಷಣೆ ಏಕೆ ಉಂಟಾಗುತ್ತದೆ ಎಂಬುದು ಒಂದು. ಅಂಥವರನ್ನು ಉಳಿದವರು ಯಾವ ಕಣ್ಣಿನಿಂದ ನೋಡುತ್ತಾರೆ ಎಂಬುದು ಇನ್ನೊಂದು.

ಮೊದಲನೆಯದಕ್ಕೂ ಮನೆಯ ಸಂಸ್ಕಾರಕ್ಕೂ ಸಂಬಂಧವಿದೆಯೆಂದು ವಿಜ್ಞಾನ ಇಂದು ಒಪ್ಪುವುದಿಲ್ಲ. ತಾಯಿ ಹೆಚ್ಚು ಮುದ್ದು ಮಾಡಿದಳು, ತಂದೆ ದೂರದ ಊರಿನಲ್ಲಿದ್ದ, ಅಕ್ಕತಂಗಿಯರ ನಡುವೆ ಒಬ್ಬನೇ ಗಂಡುಮಗು ಬೆಳೆಯಿತು ಎಂಬ ಹಳೆಯ ವಿವರಣೆಗಳು ಬಹಳ ಹಿಂದೆಯೇ ಬಿದ್ದುಹೋಗಿವೆ. ಒಂದೇ ಸೂರಿನಡಿ, ಒಂದೇ ಅನ್ನ ಉಂಡು ಬೆಳೆದ ಇಬ್ಬರು ಸೋದರರಲ್ಲಿ ಒಬ್ಬ ಹಾಗಿದ್ದು ಇನ್ನೊಬ್ಬ ಹಾಗಿಲ್ಲದಿರುವುದು ಸಾಮಾನ್ಯ. ಅಮೆರಿಕದ ಮನೋವೈದ್ಯರ ಸಂಘವು 1973ರಲ್ಲಿ ಇದನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ವಿಶ್ವ ಆರೋಗ್ಯ ಸಂಸ್ಥೆ 1990ರ ಮೇ 17ರಂದು ತೆಗೆಯಿತು. ನಮ್ಮ ದೇಶದ ಮನೋವೈದ್ಯರ ಸಂಘವೂ 2018ರಲ್ಲಿ ಇದು ಕಾಯಿಲೆಯಲ್ಲವೆಂದು ಸ್ಪಷ್ಟಪಡಿಸಿತು. ಕಾಯಿಲೆಯೇ ಅಲ್ಲದ ಮೇಲೆ ಚಿಕಿತ್ಸೆ ಯಾವುದಕ್ಕೆ? ಇದನ್ನು 'ಬದಲಾಯಿಸುತ್ತೇವೆ' ಎಂದು ಹೇಳಿಕೊಂಡು ಚಿಕಿತ್ಸೆ ಕೊಡುವುದು ವೃತ್ತಿಯ ದುರ್ನಡತೆಯೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ತಿಳಿಸಿದೆ. ಆದ್ದರಿಂದ ಮಾಟಮಂತ್ರದವರ ಬಳಿಗೂ, 'ಗ್ಯಾರಂಟಿ ಚಿಕಿತ್ಸೆ'ಯ ಜಾಹೀರಾತು ಕೊಡುವವರ ಬಳಿಗೂ ಮಕ್ಕಳನ್ನು ಎಳೆದೊಯ್ಯುವ ಪಾಲಕರು ಹಣವನ್ನಷ್ಟೇ ಕಳೆದುಕೊಳ್ಳುವುದಿಲ್ಲ. ಮಗುವಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತಾರೆ.

ಎರಡನೆಯ ಪ್ರಶ್ನೆಯ ಉತ್ತರ ಮಾತ್ರ ಬಹುಮಟ್ಟಿಗೆ ಸಂಸ್ಕಾರದಲ್ಲಿಯೇ ಇದೆ. ಇನ್ನೊಬ್ಬರನ್ನು ಕಂಡು ಹೇಸಿಕೊಳ್ಳಬೇಕೋ, ನಗಬೇಕೋ, ಮನುಷ್ಯರೆಂದು ಗೌರವಿಸಬೇಕೋ ಎಂಬುದನ್ನು ಯಾವ ಮಗುವೂ ಹುಟ್ಟುವಾಗ ಹೊತ್ತು ತರುವುದಿಲ್ಲ. ವಿಚಿತ್ರವೆಂದರೆ, ತಮ್ಮ ಕೈಯಲ್ಲಿಲ್ಲದ ಮೊದಲ ಪ್ರಶ್ನೆಗೆ ಪಾಲಕರು ನಿದ್ದೆಗೆಡುತ್ತಾರೆ. ಪೂರ್ತಿ ತಮ್ಮ ಕೈಯಲ್ಲಿರುವ ಎರಡನೆಯದರ ಕಡೆಗೆ ತಿರುಗಿಯೂ ನೋಡುವುದಿಲ್ಲ.

ಹುಟ್ಟಿ ಬೆಳೆದ ನೆಲ ಇದನ್ನು ಎಷ್ಟರಮಟ್ಟಿಗೆ ತೀರ್ಮಾನಿಸುತ್ತದೆ ಎಂಬುದಕ್ಕೆ ಪ್ಯೂ ಸಂಶೋಧನಾ ಕೇಂದ್ರವು 2019ರಲ್ಲಿ 34 ದೇಶಗಳಲ್ಲಿ ನಡೆಸಿದ ಸಮೀಕ್ಷೆ ಸಾಕ್ಷಿ. ಸಲಿಂಗ ಸಂಬಂಧವನ್ನು ಸಮಾಜ ಒಪ್ಪಿಕೊಳ್ಳಬೇಕೇ ಎಂದು ಕೇಳಿದಾಗ ಸ್ವೀಡನ್ನಿನಲ್ಲಿ ಶೇ. 94 ಮಂದಿ ಹೌದೆಂದರು, ಜಪಾನಿನಲ್ಲಿ ಶೇ. 68, ಭಾರತದಲ್ಲಿ ಶೇ. 37, ನೈಜೀರಿಯಾದಲ್ಲಿ ಕೇವಲ ಶೇ. 7. ಸ್ವೀಡನ್ನಿನ ತೊಟ್ಟಿಲಿನ ಕೂಸಿಗೂ ನೈಜೀರಿಯಾದ ತೊಟ್ಟಿಲಿನ ಕೂಸಿಗೂ ಮನಸ್ಸಿನಲ್ಲಿ ಇಷ್ಟು ಅಂತರ ಇರಲಾರದು. ಈ ಅಂತರವನ್ನು ತಂದದ್ದು ಅವರ ಮನೆ, ಶಾಲೆ, ಪ್ರಾರ್ಥನಾ ಮಂದಿರ, ಕಾನೂನು ಮತ್ತು ಬೀದಿ.

ಒಂಬತ್ತರ ನಗು

ತಿರಸ್ಕಾರವನ್ನು ಯಾರೂ ಮಗುವನ್ನು ಕೂರಿಸಿಕೊಂಡು ಪಾಠ ಹೇಳಿ ಕಲಿಸುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರಾ 1961ರಲ್ಲಿ ನಡೆಸಿದ ಪ್ರಸಿದ್ಧ ಪ್ರಯೋಗವೊಂದುಂಟು. ದೊಡ್ಡವರೊಬ್ಬರು ರಬ್ಬರಿನ ಬೊಂಬೆಯೊಂದನ್ನು ಹೊಡೆಯುವುದನ್ನು, ಬೈಯುವುದನ್ನು ಶಿಶುವಿಹಾರದ ಮಕ್ಕಳಿಗೆ ತೋರಿಸಲಾಯಿತು. ಹೊಡೆಯಿರಿ ಎಂದು ಮಕ್ಕಳಿಗೆ ಯಾರೂ ಹೇಳಲಿಲ್ಲ. ಆದರೂ ಬೊಂಬೆಯೊಡನೆ ಬಿಟ್ಟಾಗ ಹಲವು ಮಕ್ಕಳು ಅದೇ ಏಟನ್ನು ಹೊಡೆದರು. ಅಷ್ಟೇ ಅಲ್ಲ, ಅದೇ ಮಾತುಗಳನ್ನೂ ಆಡಿದರು. ಪೂರ್ವಗ್ರಹದ ಸ್ವರೂಪವನ್ನು ಕುರಿತು 1954ರಲ್ಲಿ ದೊಡ್ಡ ಗ್ರಂಥವನ್ನೇ ಬರೆದ ಗಾರ್ಡನ್ ಆಲ್‌ಪೋರ್ಟ್, ಮಕ್ಕಳಿಗೆ ಪೂರ್ವಗ್ರಹ ಬರುವ ದಾರಿಗಳು ಎರಡು ಎನ್ನುತ್ತಾರೆ. ಮನೆಯವರ ಮಾತನ್ನೂ ಮುಖಭಾವವನ್ನೂ ಮಗು ಹಾಗೆಯೇ ಎತ್ತಿಕೊಳ್ಳುವುದು ಒಂದು ದಾರಿ. ಮಾತುಮಾತಿಗೆ ದಂಡಿಸುವ, ಒಪ್ಪಿಗೆಯನ್ನು ತೂಗಿ ತೂಗಿ ಕೊಡುವ ಮನೆಯ ವಾತಾವರಣದಲ್ಲಿ ಅಂಜಿ ಬೆಳೆದ ಮಗು, ತನಗಿಂತ ದುರ್ಬಲರನ್ನು ಹುಡುಕಿಕೊಂಡು ತಿರಸ್ಕರಿಸುವುದು ಇನ್ನೊಂದು ದಾರಿ.

ಇವರ ಪುಸ್ತಕಗಳನ್ನು ಓದಬೇಕಾಗಿಯೂ ಇಲ್ಲ. ಯಾವುದೇ ಪ್ರಾಥಮಿಕ ಶಾಲೆಯ ತರಗತಿಗೆ ಹೋಗಿ ಹಾಜರಿ ಕೂಗುವಾಗ ಗಮನಿಸಿದರೆ ಸಾಕು. 'ಒಂಬತ್ತು' ಎಂಬ ಸಂಖ್ಯೆ ಬಂದಾಗ ಕೆಲವು ಮಕ್ಕಳು ಮುಸಿಮುಸಿ ನಗುತ್ತಾರೆ. ಏಕೆ ನಗುತ್ತೀರೆಂದು ಕೇಳಿದರೆ ಅವರಲ್ಲಿ ಅರ್ಧದಷ್ಟು ಮಂದಿಗೆ ಕಾರಣ ಗೊತ್ತಿರುವುದಿಲ್ಲ. ದೊಡ್ಡ ಹುಡುಗರು ನಗುತ್ತಾರೆ, ಆದ್ದರಿಂದ ಇವರೂ ನಗುತ್ತಾರೆ. ಅರ್ಥ ತಿಳಿಯುವ ಮೊದಲೇ ಅಪಹಾಸ್ಯ ಕಲಿತಾಗಿದೆ. ಮುಂದೆ ಅರ್ಥ ತಿಳಿದಾಗ ಅದು ಆ ನಗುವಿನ ಜೊತೆಗೇ ಅಂಟಿಕೊಂಡು ಬರುತ್ತದೆ, ಬಿಡಿಸುವುದು ಕಷ್ಟ.

ನಮ್ಮ ಆಡುಮಾತಿನಲ್ಲಿ ಇಂಥ ಪದಗಳಿಗೆ ಬರವಿಲ್ಲ. 'ಹೆಣ್ಣಿಗ', 'ಚಕ್ಕ', 'ಗಂಡುಬೀರಿ'. ಬಿದ್ದು ಮಂಡಿ ಕೆತ್ತಿಸಿಕೊಂಡು ಅಳುವ ಐದು ವರ್ಷದ ಗಂಡುಮಗುವಿಗೆ "ಹೆಣ್ಮಕ್ಕಳಂಗ ಅಳಬ್ಯಾಡೋ" ಎನ್ನುತ್ತೇವೆ. ಅವ್ವನ ಪಕ್ಕದಲ್ಲಿ ಕುಳಿತು ರೊಟ್ಟಿ ಬಡಿಯಲು ಹೋದ ಹುಡುಗನಿಗೆ ಸೋದರಮಾವ ಹೆಸರಿಡುತ್ತಾನೆ. ಇಲ್ಲಿ ಸೂಕ್ಷ್ಮವಾಗಿ ನೋಡಬೇಕಾದ ಒಂದು ಅಂಶವಿದೆ. ಈ ಬೈಗುಳಗಳ ಒಳಗಿನ ವಿಷ ಯಾವುದು? ಗಂಡಸು ಹೆಣ್ಣಿನಂತೆ ಇರುವುದು ಅವಮಾನ ಎಂಬುದು. ಅಂದರೆ ಹೆಣ್ಣಾಗಿರುವುದೇ ಒಂದು ಕೀಳು ಸ್ಥಿತಿ ಎಂಬ ತಿಳಿವಳಿಕೆ ಅದರ ತಳದಲ್ಲಿದೆ. ಸಮಲಿಂಗಾಕರ್ಷಣೆಯುಳ್ಳವರ ಮೇಲಿನ ತಾತ್ಸಾರ ಪ್ರತ್ಯೇಕವಾಗಿ ಹುಟ್ಟಿದ್ದಲ್ಲ. ಹೆಣ್ಣಿನ ಮೇಲಿನ ತಾತ್ಸಾರದ ಬಳ್ಳಿಯಲ್ಲೇ ಬಿಟ್ಟ ಕಾಯಿ. ತಂಗಿ ಊಟ ಬಡಿಸಬೇಕು, ಅಣ್ಣ ಉಂಡ ತಟ್ಟೆಯನ್ನೂ ಎತ್ತಬೇಕಿಲ್ಲ ಎಂಬ ಮನೆಯಲ್ಲಿ ಬೆಳೆದ ಹುಡುಗನಿಗೆ ಮುಂದೆ ಈ ವಿಷಯದಲ್ಲಿ ಉದಾರತೆಯನ್ನು ಬೋಧಿಸಿ ಪ್ರಯೋಜನ ಕಡಿಮೆ.

ದೂರದರ್ಶನದ ಹಾಸ್ಯ ಕಾರ್ಯಕ್ರಮಗಳ ಮಾತನ್ನೂ ಹೇಳಲೇಬೇಕು. ಗಂಡಸೊಬ್ಬ ಸೀರೆಯುಟ್ಟು ಬಳುಕಿದೊಡನೆ ನಗೆಯ ಸದ್ದನ್ನು ಅವರೇ ತುಂಬಿಸಿರುತ್ತಾರೆ. ಮನೆಮಂದಿ ಅದಕ್ಕೆ ದನಿಗೂಡಿಸುತ್ತಾರೆ. ಇದೇ ನಾಡಿನಲ್ಲಿ ಯಕ್ಷಗಾನದ ಸ್ತ್ರೀವೇಷಧಾರಿಗೆ, ಕಂಪನಿ ನಾಟಕಗಳ ಸ್ತ್ರೀಪಾತ್ರಧಾರಿಗೆ ಜನ ಶಾಲು ಹೊದಿಸಿ ಗೌರವಿಸಿದ್ದಾರೆ. ಸೀರೆಯುಟ್ಟ ಗಂಡಸು ನಗೆಪಾಟಲು ಎಂಬುದು ನಮ್ಮ ಪರಂಪರೆಯ ಮಾತಲ್ಲ.

ಪದದ ವಿಚಾರ ಬಂದದ್ದರಿಂದ ಇನ್ನೊಂದು ಮಾತು. ಪತ್ರಿಕೆಗಳಲ್ಲಿ ರೂಢಿಯಾಗಿರುವ 'ಸಲಿಂಗಕಾಮ' ಎಂಬ ಪದವು ಒಬ್ಬ ಮನುಷ್ಯನ ಇಡೀ ಪ್ರೀತಿ, ಒಡನಾಟ, ಬಾಳಿನ ಹಂಬಲವನ್ನು 'ಕಾಮ' ಎಂಬ ಎರಡಕ್ಷರಕ್ಕೆ ಇಳಿಸುತ್ತದೆ. ಗಂಡಹೆಂಡಿರನ್ನು ನಾವು 'ವಿಲಿಂಗಕಾಮಿಗಳು' ಎಂದು ಕರೆಯುವುದಿಲ್ಲವಷ್ಟೆ. ಇಲ್ಲಿ 'ಸಮಲಿಂಗಾಕರ್ಷಣೆ' ಎಂಬ ಪದವನ್ನು ಬಳಸಿರುವುದು ಅದಕ್ಕಾಗಿಯೇ. 'ಲಿಂಗ' ಎಂದೊಡನೆ ಅಂಗೈಯ ಇಷ್ಟಲಿಂಗವನ್ನೇ ನೆನೆಯುವ ನಮ್ಮ ಹಿರಿಯರಿಗೆ ಈ ಪದವೂ ಕಿವಿಗೆ ಇರುಸುಮುರುಸು ಎಂಬುದು ತಿಳಿದಿದೆ. ವ್ಯಾಕರಣದಲ್ಲಿ ಪುಲ್ಲಿಂಗ, ಸ್ತ್ರೀಲಿಂಗ ಎಂಬಲ್ಲಿ ಬರುವ ಅರ್ಥವೇ ಇಲ್ಲಿಯೂ ಇದೆಯೆಂದು ಭಾವಿಸಿಕೊಂಡರೆ ಸಾಕು.

ದೂರದಿಂದ ಕೈಮುಗಿಯುವ ಗೌರವ

ನಮ್ಮ ಸಂಸ್ಕೃತಿ ಈ ವಿಷಯದಲ್ಲಿ ಮಕ್ಕಳಿಗೆ ಕಲಿಸುವುದೇನು? ಒಂದೇ ಮಾತಿನ ಉತ್ತರವಿಲ್ಲ. ಬೆಳಗಾವಿ, ಧಾರವಾಡ, ಬಾಗಲಕೋಟೆ ಸೀಮೆಯ ಮಕ್ಕಳು ಜೋಗಪ್ಪಂದಿರನ್ನು ಕಂಡೇ ಬೆಳೆಯುತ್ತಾರೆ. ಸವದತ್ತಿ ಯಲ್ಲಮ್ಮನ ಕೊಡ ಹೊತ್ತು, ಚೌಡಿಕೆ ನುಡಿಸುತ್ತ ಬಾಗಿಲಿಗೆ ಬಂದ ಜೋಗಪ್ಪನಿಗೆ ಅಜ್ಜಿ ಮೊರದಲ್ಲಿ ಜೋಳ ತಂದು ನೀಡುತ್ತಾಳೆ, ಭಂಡಾರ ಹಚ್ಚಿಸಿಕೊಳ್ಳುತ್ತಾಳೆ. (ಜೋಗಪ್ಪಂದಿರದು ತಾನು ಹೆಣ್ಣೋ ಗಂಡೋ ಎಂಬ ಲಿಂಗತ್ವದ ಸಂಗತಿ, ಸಮಲಿಂಗಾಕರ್ಷಣೆ ಯಾರ ಕಡೆಗೆ ಒಲವು ಎಂಬ ಸಂಗತಿ. ಎರಡೂ ಒಂದೇ ಅಲ್ಲ. ಆದರೆ ಮಕ್ಕಳ ಬಾಯಲ್ಲಿ ಬೈಗುಳ ಎರಡಕ್ಕೂ ಒಂದೇ ಆಗಿರುವುದರಿಂದ ಜೊತೆಯಾಗಿ ಹೇಳಬೇಕಾಗಿದೆ.) ಅದೇ ಅಜ್ಜಿಯ ಮೊಮ್ಮಗನಲ್ಲಿ ಅಂಥ ಲಕ್ಷಣ ಕಂಡರೆ ಮನೆಯಲ್ಲಿ ರಂಪವಾಗುತ್ತದೆ. ಬಾಗಿಲಾಚೆ ನಿಂತವರಿಗೆ ಭಕ್ತಿ, ಬಾಗಿಲೊಳಗೆ ಹುಟ್ಟಿದವರಿಗೆ ಬೆತ್ತ! ಮಗು ಈ ಎರಡನ್ನೂ ನೋಡುತ್ತದೆ. ಇಂಥವರು ದೇವರ ಹೆಸರಿನಲ್ಲಿ ದೂರ ಇರತಕ್ಕವರು, ನಮ್ಮ ನಡುವೆ ಬಾಳತಕ್ಕವರಲ್ಲ ಎಂದು ತಿಳಿದುಕೊಳ್ಳುತ್ತದೆ.

ಪದ್ಮಶ್ರೀ ಪುರಸ್ಕೃತೆ, ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿದ್ದ ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರ ಬಾಳು ಇದಕ್ಕೆ ನಿದರ್ಶನ. ಹದಿಹರೆಯದಲ್ಲಿ ಮನೆಯವರಿಂದ ಅನುಭವಿಸಿದ ಹಿಂಸೆಯನ್ನೂ, ಬದುಕು ಬೇಡವಾಗಿ ಸಾಯಲು ಯತ್ನಿಸಿದ್ದನ್ನೂ ಅವರು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. 2021ರಲ್ಲಿ ರಾಷ್ಟ್ರಪತಿ ಭವನದಲ್ಲಿ ಸೀರೆಯ ಸೆರಗಿನಿಂದ ರಾಷ್ಟ್ರಪತಿಗಳಿಗೆ ದೃಷ್ಟಿ ತೆಗೆದು ಪ್ರಶಸ್ತಿ ಸ್ವೀಕರಿಸಿದ ಅವರನ್ನು ದೂರದರ್ಶನದಲ್ಲಿ ಕಂಡು ನಾಡೇ ಹೆಮ್ಮೆಪಟ್ಟಿತು. ಪ್ರಶಸ್ತಿ ಬಾರದವರ ಮಾತೇನು ಎಂಬುದು ಉಳಿದೇ ಇದೆ.

'ಇದೆಲ್ಲ ಪಶ್ಚಿಮದಿಂದ ಬಂದ ಚಾಳಿ' ಎಂಬ ಮಾತನ್ನು ಆಗಾಗ ಕೇಳುತ್ತೇವೆ. ಪಶ್ಚಿಮದಿಂದ ಬಂದದ್ದು ಯಾವುದು ಎಂಬುದನ್ನು ಇತಿಹಾಸ ಬೇರೆಯಾಗಿಯೇ ಹೇಳುತ್ತದೆ. ಸಲಿಂಗ ಸಂಬಂಧಕ್ಕೆ ಜೀವಾವಧಿ ಶಿಕ್ಷೆಯವರೆಗೆ ವಿಧಿಸುತ್ತಿದ್ದ 377ನೆಯ ಕಲಮನ್ನು ತಂದದ್ದು ಬ್ರಿಟಿಷರ 1860ರ ದಂಡ ಸಂಹಿತೆ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆಯಲ್ಲಿ ಹಿಜಡಾ ಸಮುದಾಯದವರ ಹೆಸರುಗಳನ್ನು ಪೊಲೀಸ್ ದಾಖಲೆಗೆ ಸೇರಿಸುವ ಏರ್ಪಾಡಿತ್ತು. ಒಂದೂವರೆ ಶತಮಾನ ಕಾಲ ಕಾನೂನೇ ಅಪರಾಧವೆಂದದ್ದನ್ನು ಮೂರು ನಾಲ್ಕು ತಲೆಮಾರುಗಳ ಮಕ್ಕಳು ಅಪರಾಧವೆಂದೇ ಕಲಿತರು. ಹಾಗೆಂದು ಪ್ರಾಚೀನ ಭಾರತದಲ್ಲಿ ಎಲ್ಲವೂ ಸರಿಯಿತ್ತೆಂದು ಹೇಳುವುದೂ ಅತಿಯಾದೀತು. ನಮ್ಮ ಧರ್ಮಶಾಸ್ತ್ರಗಳಲ್ಲಿಯೂ ಇದಕ್ಕೆ ಪ್ರಾಯಶ್ಚಿತ್ತ, ದಂಡಗಳ ಉಲ್ಲೇಖವಿದೆ. 2018ರ ತೀರ್ಪಿನಲ್ಲಿ ನ್ಯಾಯಮೂರ್ತಿ ಇಂದೂ ಮಲ್ಹೋತ್ರಾ ಅವರು, ಶತಮಾನಗಳ ಅವಮಾನಕ್ಕಾಗಿ ಇತಿಹಾಸವು ಈ ಸಮುದಾಯದವರಲ್ಲಿಯೂ ಅವರ ಕುಟುಂಬಗಳಲ್ಲಿಯೂ ಕ್ಷಮೆ ಯಾಚಿಸಬೇಕಿದೆ ಎಂಬರ್ಥದ ಮಾತು ಬರೆದರು. ಕುಟುಂಬಗಳನ್ನೂ ಅವರು ಸೇರಿಸಿದ್ದು ಗಮನಾರ್ಹ. ಲೋಕದ ಬಾಯಿಗೆ ಹೆದರಿ ಮಗುವನ್ನು ಬಡಿದ ತಂದೆಯೂ ಆ ಅವಮಾನದ ಒಂದು ಪಾಲನ್ನು ಉಂಡವನೇ.

ಶರಣರ ವಚನಗಳಲ್ಲಿ ಇದಕ್ಕೆ ಉತ್ತರವಿದೆಯೇ ಎಂದು ತರುಣರು ಕೇಳುತ್ತಾರೆ. ಹನ್ನೆರಡನೆಯ ಶತಮಾನದ ಶರಣರು ಸಮಲಿಂಗಾಕರ್ಷಣೆಯನ್ನು ಕುರಿತು ಬರೆದರೆಂದು ಸಾಧಿಸಲು ಹೊರಡುವುದು ವಚನಗಳಿಗೆ ಮಾಡುವ ಅಪಚಾರ. ಅವರ ಚಿಂತನೆಯ ಕೇಂದ್ರ ಬೇರೆ. ಆದರೆ ಹೆಣ್ಣು, ಗಂಡು ಎಂಬುದು ದೇಹದ ಗುರುತೇ ಹೊರತು ಒಳಗಿರುವ ಆತ್ಮಕ್ಕೆ ಆ ಭೇದವಿಲ್ಲವೆಂದು ದೇವರ ದಾಸಿಮಯ್ಯನೂ ಗೊಗ್ಗವ್ವೆಯೂ ಹೇಳಿದ್ದಾರೆ. ಉರಿಲಿಂಗದೇವನಂಥ, ಗಜೇಶ ಮಸಣಯ್ಯನಂಥ ಪುರುಷರು ಶರಣಸತಿ-ಲಿಂಗಪತಿ ಭಾವದಲ್ಲಿ ತಮ್ಮನ್ನು ಹೆಣ್ಣೆಂದು ಭಾವಿಸಿಕೊಂಡು ಹಾಡಿದರು. ಅದರಿಂದ ತಮ್ಮ ಘನತೆ ಕುಂದಿತೆಂದು ಅವರಿಗೆ ಅನ್ನಿಸಲಿಲ್ಲ. ಇದು ಆಧ್ಯಾತ್ಮಿಕ ಭಾವ, ಲೌಕಿಕಕ್ಕೆ ತಳುಕು ಹಾಕಬಾರದು, ನಿಜ. ಆದರೂ 'ಹೆಣ್ಣಿನಂತಿರುವುದು ಅವಮಾನ' ಎಂಬ ಬೈಗುಳ ನಮ್ಮ ಪರಂಪರೆಯ ಬೇರಿನಿಂದ ಬಂದದ್ದಲ್ಲ ಎಂಬುದಕ್ಕೆ ಇಷ್ಟು ಸಾಕು. ಎಲ್ಲರನ್ನೂ ತನ್ನವರೆಂದು ಎಣಿಸಬೇಕೆಂಬ ಬಸವಣ್ಣನವರ ವಚನವನ್ನು ನಮ್ಮ ಮಕ್ಕಳು ಪ್ರತಿ ಸಮಾರಂಭದಲ್ಲಿ ಬಾಯಿಪಾಠವಾಗಿ ಒಪ್ಪಿಸುತ್ತಾರೆ. ವೇದಿಕೆಯಿಂದ ಇಳಿದು ಸಹಪಾಠಿಯನ್ನು 'ಒಂಬತ್ತು' ಎಂದು ಕರೆಯುತ್ತಾರೆ. ಎರಡನ್ನೂ ಅವರು ಕಲಿತದ್ದು ನಮ್ಮಿಂದಲೇ.

ಕೇಳಿಸಿಕೊಳ್ಳುತ್ತಿರುವ ಮಗು ಯಾರು?

ಇಷ್ಟು ಹೊತ್ತು ಉಳಿದ ಮಕ್ಕಳ ದೃಷ್ಟಿಕೋನದ ಮಾತಾಯಿತು. ಆದರೆ ಮನೆಯ ಜಗಲಿಯಲ್ಲಿ, ತರಗತಿಯಲ್ಲಿ, ವಿದ್ಯಾರ್ಥಿನಿಲಯದ ಪಂಕ್ತಿಯಲ್ಲಿ ನಾವು ಆಡುವ ಮಾತನ್ನು ಕೇಳುತ್ತಿರುವ ಮಕ್ಕಳಲ್ಲಿ ಒಬ್ಬನೋ ಒಬ್ಬಳೋ ಸ್ವತಃ ಅಂಥವರಿರಬಹುದು. ತಾನು ಬೇರೆ ಎಂಬ ಅರಿವು ಇಂಥ ಮಕ್ಕಳಿಗೆ ಹದಿಹರೆಯದ ಆಸುಪಾಸಿನಲ್ಲಿ ಮೂಡುತ್ತದೆ. ಅಷ್ಟು ಹೊತ್ತಿಗೆ ಮನೆಯವರ ಅಭಿಪ್ರಾಯ ಅವರಿಗೆ ಚೆನ್ನಾಗಿ ತಿಳಿದಿರುತ್ತದೆ. ಹತ್ತು ವರ್ಷದಿಂದ ಕೇಳಿಸಿಕೊಂಡಿದ್ದಾರಲ್ಲ! ಬೇರೆ ಯಾವ ಕಾರಣಕ್ಕೆ ಹೀಯಾಳಿಕೆಗೆ ಒಳಗಾದ ಮಗುವೂ ಮನೆಗೆ ಓಡಿಬಂದು ಅವ್ವನ ಮಡಿಲಲ್ಲಿ ಅಳುತ್ತದೆ. ಈ ಮಗುವಿಗೆ ಮಾತ್ರ ಆ ಮಡಿಲೂ ಇಲ್ಲ, ಏಕೆಂದರೆ ಹೀಯಾಳಿಕೆಯ ಪದಗಳು ಅಲ್ಲಿಂದಲೇ ಬಂದಿವೆ. ತನ್ನನ್ನು ತಾನೇ ಹೇಸಿಕೊಳ್ಳುವುದನ್ನು ಅದು ಮನೆಯಲ್ಲಿಯೇ ಕಲಿತಿರುತ್ತದೆ.

ಕನ್ನಡದಲ್ಲಿ ಈ ಒಳನೋವನ್ನು ಒಳಗಿನಿಂದಲೇ ಬರೆದವರು ವಸುಧೇಂದ್ರ. 2013ರಲ್ಲಿ ಪ್ರಕಟವಾದ ಅವರ 'ಮೋಹನಸ್ವಾಮಿ' ಕಥಾಸಂಕಲನದ ನಾಯಕ ಸಮಲಿಂಗಾಕರ್ಷಣೆಯುಳ್ಳ ತರುಣ. ತಾವೂ ಅಂಥವರೆಂದು ಲೇಖಕರು ಬಹಿರಂಗವಾಗಿ ಹೇಳಿಕೊಂಡಿದ್ದಾರೆ. ಕೆಲವು ಕಥೆಗಳು ಓದುಗರನ್ನು ಅಳುಕಿಸುವಂಥವು, ಮಕ್ಕಳ ಕೈಗೆ ಕೊಡುವ ಪುಸ್ತಕವಲ್ಲ. ಆದರೆ ಪಾಲಕರು ಓದಬೇಕಾದ ಪುಸ್ತಕ.

ಇಂಥ ಮಗ ಮನೆಯಲ್ಲಿರುವುದು ತಿಳಿದಾಗ ಹಿರಿಯರು ಹೂಡುವ ಉಪಾಯವೊಂದುಂಟು: "ಮದುವೆ ಮಾಡಿಬಿಡೋಣ, ಎಲ್ಲ ಸರಿಹೋಗುತ್ತದೆ." ಮಠದಲ್ಲಿ ಮದುವೆಗಳು ನಡೆಯುವುದರಿಂದ, ಗುರುಗಳ ಆಶೀರ್ವಾದ ಬೇಡಿ ಬರುವವರಿರುವುದರಿಂದ ಈ ಬಗ್ಗೆ ನಿಷ್ಠುರವಾಗಿ ಹೇಳಬೇಕಾಗಿದೆ. ಏನೂ ಅರಿಯದ ಇನ್ನೊಂದು ಮನೆಯ ಹೆಣ್ಣುಮಗಳ ಬಾಳನ್ನು ತಮ್ಮ ಮಗನಿಗೆ ಔಷಧಿಯಾಗಿ ಬಳಸುವುದು ಅನ್ಯಾಯ, ಮೋಸ. ಆ ಔಷಧಿ ಕೆಲಸ ಮಾಡುವುದೂ ಇಲ್ಲ. ಒಬ್ಬರ ಸಂಕಟ ಇಬ್ಬರದಾಗುತ್ತದೆ, ಮಕ್ಕಳಾದರೆ ಮೂವರದೋ ನಾಲ್ವರದೋ ಆಗುತ್ತದೆ. ಹೆಣ್ಣುಮಕ್ಕಳಲ್ಲಿಯೂ ಇಂಥವರಿದ್ದಾರೆ, ಅವರನ್ನಂತೂ ಕೇಳುವವರೇ ಇಲ್ಲದೆ ಹಸೆಮಣೆಗೆ ಕೂರಿಸಲಾಗುತ್ತದೆ. ಸಮಲಿಂಗದವರ ನಡುವಿನ ವಿವಾಹಕ್ಕೆ ಮಾನ್ಯತೆ ಕೊಡುವುದು ಶಾಸಕಾಂಗಕ್ಕೆ ಬಿಟ್ಟ ವಿಚಾರವೆಂದು ಸರ್ವೋಚ್ಚ ನ್ಯಾಯಾಲಯ 2023ರ ಅಕ್ಟೋಬರ್ 17ರಂದು ಹೇಳಿತು. ಆ ಚರ್ಚೆ ಎಲ್ಲಿಗಾದರೂ ಮುಟ್ಟಲಿ, ಒಲ್ಲದ ಮದುವೆಗೆ ಮಕ್ಕಳನ್ನು ದೂಡಬಾರದೆಂಬುದು ಅದಕ್ಕಾಗಿ ಕಾಯಬೇಕಾದ ವಿಷಯವಲ್ಲ.

ಪಾಲಕರ ಇನ್ನೊಂದು ಭಯವನ್ನು ಹಗುರವಾಗಿ ಕಾಣಲಾಗದು. ಸಮಲಿಂಗಾಕರ್ಷಣೆಯೆಂದರೆ ಮಕ್ಕಳನ್ನು ಕೆಡಿಸುವುದು ಎಂದು ಹಲವರು ತಿಳಿದಿದ್ದಾರೆ. ಇವೆರಡೂ ಸಂಪೂರ್ಣ ಬೇರೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಎಸಗುವವರು ಗಂಡಾಗಲಿ ಹೆಣ್ಣಾಗಲಿ, ಸಂಬಂಧಿಕರಾಗಲಿ ಅಪರಿಚಿತರಾಗಲಿ, 2012ರ ಪೋಕ್ಸೊ ಕಾಯ್ದೆಯಂತೆ ಘೋರ ಅಪರಾಧಿಗಳು; ಗಂಡುಮಕ್ಕಳಿಗೂ ಆ ಕಾಯ್ದೆಯ ರಕ್ಷಣೆ ಸಮಾನವಾಗಿದೆ. ಈ ವಿಷಯದಲ್ಲಿ ಮನೆಯ ಮೌನ ಅಪರಾಧಿಗೇ ಸಹಾಯ ಮಾಡುತ್ತದೆ. ಮೈಮೇಲೆ ಯಾರು ಎಲ್ಲಿ ಕೈಯಿಡಬಾರದೆಂದು ಮಾತನಾಡಿದ ಮನೆಯ ಮಗು ತೊಂದರೆಯಾದಾಗ ಬಂದು ಹೇಳುತ್ತದೆ. ಹೇಳಲು ಪದವೇ ಇಲ್ಲದ ಮಗು ನುಂಗಿಕೊಳ್ಳುತ್ತದೆ. ಮಕ್ಕಳ ಸಹಾಯವಾಣಿ 1098 ಎಂಬ ಸಂಖ್ಯೆಯನ್ನು ಪ್ರತಿ ಮಗುವಿಗೂ ಬಾಯಿಪಾಠ ಮಾಡಿಸಬೇಕು.

ಕಲಿತದ್ದನ್ನು ಬಿಡಲು ಸಾಧ್ಯವೇ?

ಸಾಧ್ಯವೆಂಬುದಕ್ಕೆ ನೆರೆಯ ತಮಿಳುನಾಡಿನ ಉಚ್ಚ ನ್ಯಾಯಾಲಯದ ದಾಖಲೆಯೇ ಇದೆ. ಪಾಲಕರ ವಿರೋಧದಿಂದ ಮಧುರೈ ಬಿಟ್ಟು ಚೆನ್ನೈಗೆ ಬಂದ ಇಬ್ಬರು ಯುವತಿಯರು 2021ರಲ್ಲಿ ರಕ್ಷಣೆ ಕೋರಿ ಮದರಾಸು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಎನ್. ಆನಂದ ವೆಂಕಟೇಶ್ ಅವರು, ಈ ವಿಷಯದಲ್ಲಿ ತಮ್ಮ ತಿಳಿವಳಿಕೆಯೂ ಸಾಮಾನ್ಯ ಜನರದ್ದೇ, ಅದರಲ್ಲಿ ಪೂರ್ವಗ್ರಹಗಳಿವೆ ಎಂದು ಗುರುತಿಸಿಕೊಂಡರು. ತೀರ್ಪು ಬರೆಯುವ ಮೊದಲು ತಾವೇ ಮನಶ್ಶಾಸ್ತ್ರಜ್ಞೆಯೊಬ್ಬರ ಮುಂದೆ ವಿದ್ಯಾರ್ಥಿಯಾಗಿ ಕುಳಿತರು. ಸಮುದಾಯದವರ ಮಾತು ಕೇಳಿದರು. ಆ ಯುವತಿಯರೂ ಅವರ ಪಾಲಕರೂ ಆಪ್ತ ಸಮಾಲೋಚನೆಗೆ ಹೋಗುವಂತೆ ಏರ್ಪಡಿಸಿದರು. ಪೊಲೀಸರು, ವೈದ್ಯರು, ಶಾಲೆಗಳಿಗೆ ಅವರು ಕೊಟ್ಟ ನಿರ್ದೇಶನಗಳು ದೇಶದಾದ್ಯಂತ ಪರಿಣಾಮ ಬೀರಿದವು. ಉನ್ನತ ಪೀಠದಲ್ಲಿ ಕುಳಿತವರು ಹೀಗೆ ಕಲಿಯಲು ಕೂರುವುದು ಅಪರೂಪ. ಗುರುಸ್ಥಾನದಲ್ಲಿರುವ ನಮ್ಮಂಥ ಸಂಸ್ಥೆಗಳವರೂ ಗಮನಿಸತಕ್ಕದ್ದು.

ಜನಸಾಮಾನ್ಯರ ಮನಸ್ಸೂ ಬದಲಾಗುತ್ತಿದೆ. ಮೇಲೆ ಹೇಳಿದ ಪ್ಯೂ ಸಮೀಕ್ಷೆಯಲ್ಲಿ ಭಾರತದ ಅಂಕಿ ಐದಾರು ವರ್ಷಗಳ ಹಿಂದೆ ಕೇವಲ ಶೇ. 15 ಇತ್ತು. 'ನಾನು ಅವನಲ್ಲ ಅವಳು' ಚಿತ್ರದ ಅಭಿನಯಕ್ಕೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂದಾಗ ಹಳ್ಳಿಯ ಮನೆಗಳಲ್ಲಿಯೂ ಆ ಚಿತ್ರವನ್ನು ಕುಳಿತು ನೋಡಿದರು. ಒಬ್ಬ ವ್ಯಕ್ತಿಯ ಕಥೆಯನ್ನು ಪೂರ್ತಿ ಕೇಳಿದ ಮೇಲೆ ಆತನನ್ನು ಬೈಗುಳದ ಹೆಸರಿನಿಂದ ಕರೆಯುವುದು ಅಷ್ಟು ಸುಲಭವಲ್ಲ.

ಮನೆಯಲ್ಲಿ ಏನು ಮಾಡಬೇಕೆಂದು ಕೇಳುವವರಿಗೆ ಹೇಳಬಹುದಾದದ್ದು ಬಹಳವಿಲ್ಲ. ಹತ್ತು ವರ್ಷದ ಮಗು ಕೇಳಿದರೆ, "ಕೆಲವರಿಗೆ ಗಂಡಸಾಗಿ ಗಂಡಸಿನ ಮೇಲೆ, ಹೆಂಗಸಾಗಿ ಹೆಂಗಸಿನ ಮೇಲೆ ಪ್ರೀತಿ ಬರುತ್ತದೆ, ಅವರೂ ನಮ್ಮಂತೆಯೇ ಜನ, ಅವರನ್ನು ಆಡಿಕೊಳ್ಳಬಾರದು" ಎಂದರೆ ಸಾಕು. ಆ ವಯಸ್ಸಿಗೆ ಅದಕ್ಕಿಂತ ಹೆಚ್ಚು ಬೇಕಿಲ್ಲ, ಮಗುವೂ ಕೇಳುವುದಿಲ್ಲ. ಇನ್ನೆರಡು ತುತ್ತು ಉಂಡು ಆಟಕ್ಕೆ ಓಡುತ್ತದೆ. ಬೈಗುಳದ ಪದ ಕಿವಿಗೆ ಬಿದ್ದಾಗ ಮಗುವನ್ನು ಹೊಡೆಯದೆ, "ಆ ಮಾತಿನ ಅರ್ಥ ಗೊತ್ತೇನು?" ಎಂದು ಕೇಳುವುದು ಒಳ್ಳೆಯದು. ಹಿರಿಯರು ಆ ಪದವನ್ನು ಆಡಿದರೆ, ಅವರು ಮಾವನೇ ಆಗಲಿ ಚಿಕ್ಕಪ್ಪನೇ ಆಗಲಿ, ಮಗುವಿನ ಎದುರಿಗೇ ವಿನಯದಿಂದ "ಬ್ಯಾಡ್ರಿ" ಎನ್ನಬೇಕು. ಹಿಂದಿನಿಂದ ಹೇಳಿದ್ದು ಮಗುವಿಗೆ ಕಾಣುವುದಿಲ್ಲ.

ಸ್ವಂತ ಮಗುವೇ ಬಂದು ತಾನು ಹೀಗೆಂದು ಹೇಳಿದರೆ? ಹೇಳಲು ಅದು ತಿಂಗಳುಗಟ್ಟಲೆ ಧೈರ್ಯ ಕೂಡಿಸಿಕೊಂಡಿರುತ್ತದೆ. ಅರ್ಥವಾಗದಿದ್ದರೆ ಅರ್ಥವಾಗಲಿಲ್ಲವೆಂದೇ ಹೇಳಬಹುದು. ಆದರೆ ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬಾರದು, ಎಂದಿನಂತೆ ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಬೇಕು. ನೆಂಟರಿಗೆ, ಓಣಿಯವರಿಗೆ ತಿಳಿಸುವ ಅವಸರ ಬೇಡ. ತಿಳಿಸಬೇಕೋ ಬೇಡವೋ ಎಂಬುದು ಮಗುವಿನ ಹಕ್ಕು. ಮಗುವಿಗೋ ತಮಗೋ ಮನಸ್ಸು ಕದಡಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ; ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಅದರ ಕೇಂದ್ರಸ್ಥಾನ. ಸಂಖ್ಯೆ 14416. ದಿನದ 24 ಗಂಟೆಯೂ ಕನ್ನಡದಲ್ಲಿ ಮಾತನಾಡಬಹುದು, ಹಣ ಕೊಡಬೇಕಿಲ್ಲ.